ಐಪ್ಯಾಡ್ ಎ16: ಓದಲು ಕೊಳ್ಳಬಹುದು, ಬರೆಯಲು ಯೋಚಿಸಬೇಕು

2025ರ ಮಾರ್ಚ್ 4ರಂದು ಆಪಲ್ ಹೊಸ ಐಪ್ಯಾಡ್ ಏರ್ ಪ್ರಕಟಿಸಿತು. ಸಾದಾ ಐಪ್ಯಾಡ್‌ನ ಸುದ್ದಿ ಅದೇ ಪ್ರಕಟಣೆಯ ಕೊನೆಯಲ್ಲಿ ಕೆಲವೇ ಸಾಲಿನಲ್ಲಿತ್ತು. ಮಾರ್ಚ್ 12ರಿಂದ ಅಂಗಡಿಗಳಲ್ಲಿ ಸಿಗುತ್ತಿದೆ. ಈ ಸಲ ಹೆಸರಿನಲ್ಲಿ ತಲೆಮಾರಿನ ಸಂಖ್ಯೆ ಇಲ್ಲ, ‘ಐಪ್ಯಾಡ್ ಎ16’ ಅಷ್ಟೇ. ಬಿಡುಗಡೆಯ ಬೆಲೆ ವೈಫೈ ಮಾದರಿಗೆ 128 ಜಿಬಿ ₹34,900, 256 ಜಿಬಿ ₹44,900, 512 ಜಿಬಿ ₹64,900. ಮೊಬೈಲ್ ಡೇಟಾ ಇರುವ ಮಾದರಿ ಬೇಕಾದರೆ ಮೇಲೆ ಇನ್ನೂ ₹15,000.

ಮೊದಲ ವಾರಗಳಲ್ಲಿ ಎಲ್ಲ ಕಡೆ ಕೇಳಿಬಂದ ಮಾತು ‘ಹೊಸದೇನೂ ಇಲ್ಲ’ ಎಂಬುದು. ಹೊರಗಿನಿಂದ ನೋಡಿದರೆ ಅದು ನಿಜ. 2022ರ ಅಕ್ಟೋಬರಿನಲ್ಲಿ ಬಂದ 10ನೇ ತಲೆಮಾರಿನ ಐಪ್ಯಾಡ್‌ನ ಅದೇ ಮೈಕಟ್ಟು, ಅದೇ ನಾಲ್ಕು ಬಣ್ಣ, ಅದೇ 477 ಗ್ರಾಂ ತೂಕ, ಅದೇ ಪರದೆ. ಹಿಂದಿನದನ್ನು 10.9 ಇಂಚು ಎನ್ನುತ್ತಿದ್ದವರು ಇದನ್ನು 11 ಇಂಚು ಎನ್ನುತ್ತಿದ್ದಾರೆ, ಆದರೆ ಪರದೆ ಒಂದು ಎಳೆಯಷ್ಟೂ ಬೆಳೆದಿಲ್ಲ. ಒಳಗಡೆ ಬದಲಾಗಿರುವುದು ಮುಖ್ಯವಾಗಿ ಎರಡು: ಚಿಪ್ ಎ14 ಇದ್ದದ್ದು ಎ16 ಆಗಿದೆ, ಜಾಗ 64 ಜಿಬಿ ಇದ್ದದ್ದು 128 ಆಗಿದೆ. ಹಳೆಯ 64 ಜಿಬಿ ಮಾದರಿ 2024ರ ಮೇ ತಿಂಗಳಿಂದ ಮಾರುತ್ತಿದ್ದದ್ದೂ ₹34,900ಕ್ಕೇ. ಅಂದರೆ ಅದೇ ದುಡ್ಡಿಗೆ ಎರಡರಷ್ಟು ಜಾಗ. ಮೆಮೊರಿ ಕಾರ್ಡ್ ಹಾಕಲು ಕಿಂಡಿಯೇ ಇಲ್ಲದ ಸಾಧನದಲ್ಲಿ ಇದು ಸಣ್ಣ ವಿಷಯವಲ್ಲ. ಸಿಸ್ಟಂ ತನ್ನ ಪಾಲು ತೆಗೆದುಕೊಂಡು, ನಾಲ್ಕು ಆ್ಯಪ್, ಮಕ್ಕಳ ಪಾಠದ ವಿಡಿಯೊ, ಒಂದಷ್ಟು ಸ್ಕ್ಯಾನ್ ಪುಸ್ತಕ ತುಂಬಿದರೆ 64 ಜಿಬಿ ವರ್ಷದೊಳಗೆ ಉಸಿರುಗಟ್ಟುತ್ತಿತ್ತು. 128ರಲ್ಲಿ ಆ ಗೋಳಿಲ್ಲ.

ಆದರೂ ಕೊಳ್ಳಬೇಕೋ ಬೇಡವೋ ಎಂಬುದನ್ನು ಚಿಪ್ ಆಗಲಿ ಜಾಗವಾಗಲಿ ತೀರ್ಮಾನಿಸುವುದಿಲ್ಲ. ನೀವು ಇದನ್ನು ಓದಲು ಬಳಸುತ್ತೀರೋ, ಪೆನ್ನು ಹಿಡಿದು ಬರೆಯಲು ಬಳಸುತ್ತೀರೋ ಎನ್ನುವುದು ತೀರ್ಮಾನಿಸುತ್ತದೆ. ಓದಲು ಬಹಳ ಒಳ್ಳೆಯ ಸಾಧನ. ಬರೆಯಲು ಕೊರತೆಗಳಿವೆ, ಅವು ಎಲ್ಲಿಂದ ಹುಟ್ಟುತ್ತವೆ ಎಂದು ತಿಳಿದುಕೊಂಡೇ ದುಡ್ಡು ಕೊಡಬೇಕು.

ಪುಸ್ತಕದ ಪುಟಕ್ಕೆ ಹೇಳಿ ಮಾಡಿಸಿದ ಅಳತೆ

ಪರದೆಯ ಬೆಳಗುವ ಭಾಗ ಸುಮಾರು 6.2 ಇಂಚು ಅಗಲ, 8.9 ಇಂಚು ಎತ್ತರ. ಕನ್ನಡದ ಕಾದಂಬರಿ, ಕಥಾಸಂಕಲನಗಳು ಹೆಚ್ಚಾಗಿ ಅಚ್ಚಾಗುವುದು ಡೆಮ್ಮಿ 1/8 ಅಳತೆಯಲ್ಲಿ, ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಹಾಗಾಗಿ ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಪುಸ್ತಕದ ಸ್ಕ್ಯಾನ್ ಪ್ರತಿಯ ಇಡೀ ಪುಟ ಈ ಪರದೆಯಲ್ಲಿ ಅಚ್ಚಿನ ಪುಸ್ತಕಕ್ಕಿಂತ ಒಂದು ಕೂದಲೆಳೆ ದೊಡ್ಡದಾಗಿಯೇ ಕಾಣುತ್ತದೆ. ಬೆರಳಿನಿಂದ ಹಿಗ್ಗಿಸುವ, ಅತ್ತಿತ್ತ ಎಳೆದಾಡುವ ಕೆಲಸವಿಲ್ಲ. ಎಂಟು ಇಂಚಿನ ಟ್ಯಾಬ್‌ಗಳಲ್ಲಿ ಸ್ಕ್ಯಾನ್ ಪುಸ್ತಕ ಓದಿ ಕಣ್ಣು ದಣಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಎ4 ಅಳತೆಯ ಪಿಡಿಎಫ್ ಕಥೆ ಬೇರೆ. ಸರ್ಕಾರಿ ಸುತ್ತೋಲೆ, ವಿಶ್ವವಿದ್ಯಾಲಯದ ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲವೂ ಎ4. ಟ್ಯಾಬ್ ಉದ್ದಕ್ಕೆ ಹಿಡಿದರೆ ಪುಟ ಮುಕ್ಕಾಲು ಭಾಗಕ್ಕೆ ಕುಗ್ಗುತ್ತದೆ. 12 ಪಾಯಿಂಟ್‌ನಲ್ಲಿ ಟೈಪ್ ಮಾಡಿದ ಅಕ್ಷರ 9 ಪಾಯಿಂಟ್ ಆಗಿ ಕಾಣುತ್ತದೆ. ಇಂಚಿಗೆ 264 ಚುಕ್ಕಿಗಳ ಈ ಪರದೆಯಲ್ಲಿ 9 ಪಾಯಿಂಟ್ ಎಂದರೆ 33 ಚುಕ್ಕಿಗಳ ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಅದು ಧಾರಾಳ. ಕನ್ನಡದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳಲ್ಲಿ ಮೂಲಾಕ್ಷರದ ಜೊತೆಗೆ ಎರಡೆರಡು ಒತ್ತು ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಓದಬಹುದು, ಆದರೆ ನಲವತ್ತು ದಾಟಿದ ಕಣ್ಣಿಗೆ ಅರ್ಧ ಗಂಟೆಯಲ್ಲಿ ದಣಿವಾಗುತ್ತದೆ. ಉಪಾಯ ಸುಲಭ: ಟ್ಯಾಬ್ ಅಡ್ಡಕ್ಕೆ ತಿರುಗಿಸಿ, ಪುಟವನ್ನು ಅಗಲಕ್ಕೆ ಹೊಂದಿಸಿ. ಆಗ ಅಕ್ಷರ ಕಾಗದದ ಮೇಲಿದ್ದದ್ದಕ್ಕಿಂತ ಸುಮಾರು ಶೇ 8ರಷ್ಟು ದೊಡ್ಡದಾಗುತ್ತದೆ, ಒಂದು ಸಲಕ್ಕೆ ಅರ್ಧ ಪುಟ ಕಾಣುತ್ತದೆ. ದಿನಪತ್ರಿಕೆಯ ಇ-ಪೇಪರ್‌ಗೆ ಮಾತ್ರ ಹಿಗ್ಗಿಸಿ ಓದುವುದು ಬಿಟ್ಟು ಬೇರೆ ದಾರಿಯಿಲ್ಲ.

ಇನ್ನು ಈ ಪರದೆಯ ದೊಡ್ಡ ಕೊರತೆ. ಮೇಲಿನ ಗಾಜಿಗೂ ಕೆಳಗಿನ ಎಲ್‌ಸಿಡಿ ಹಲಗೆಗೂ ನಡುವೆ ತೆಳುವಾದ ಗಾಳಿಯ ಪದರವಿದೆ. ಬಿಡುಗಡೆಯಾದಾಗ ₹59,900ರಿಂದ ಶುರುವಾಗುತ್ತಿದ್ದ ಐಪ್ಯಾಡ್ ಏರ್‌ನಲ್ಲಿ ಎರಡನ್ನೂ ಅಂಟಿಸಿ ಒಂದು ಮಾಡಿದ್ದಾರೆ, ಮೇಲೆ ಪ್ರತಿಫಲನ ತಗ್ಗಿಸುವ ಲೇಪ ಬಳಿದಿದ್ದಾರೆ. ಇದರಲ್ಲಿ ಎರಡೂ ಇಲ್ಲ. ಹೊಳಪು 500 ನಿಟ್ಸ್. ಮನೆಯೊಳಗೆ, ತರಗತಿಯಲ್ಲಿ ಅಷ್ಟು ಸಾಕು. ಕಿಟಕಿಗೆ ಬೆನ್ನು ಹಾಕಿ ಕುಳಿತರೆ ಕಿಟಕಿಯ ಸರಳು ಪುಟದ ಮೇಲೆ ಬಂದು ಕೂರುತ್ತದೆ, ಮಧ್ಯಾಹ್ನದ ಬಸ್ಸಿನಲ್ಲಂತೂ ಅಕ್ಷರಕ್ಕಿಂತ ನಿಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ಮ್ಯಾಟ್ ಹಾಳೆ ಅಂಟಿಸಿದರೆ ಪ್ರತಿಫಲನ ಕಡಿಮೆಯಾಗುತ್ತದೆ ನಿಜ, ಆದರೆ ಒತ್ತಕ್ಷರದ ಅಂಚು ಸ್ವಲ್ಪ ಮಸುಕಾಗುತ್ತದೆ. ಓದುವುದೇ ಮುಖ್ಯವಾದರೆ ಮ್ಯಾಟ್ ಬೇಡ, ನಿಮ್ಮ ಜಾಗ ಬದಲಿಸುವುದೇ ಮೇಲು.

ಗಾಳಿಯ ಪದರದಿಂದ ಒಂದು ಲಾಭವೂ ಇದೆ. ಗಾಜು ಮತ್ತು ಎಲ್‌ಸಿಡಿ ಬೇರೆ ಬೇರೆ ಇರುವುದರಿಂದ ಕೈಜಾರಿ ಬಿದ್ದು ಗಾಜು ಮಾತ್ರ ಒಡೆದಾಗ, ಅನುಭವವಿರುವ ಹೊರಗಿನ ರಿಪೇರಿಯವರು ಗಾಜನ್ನಷ್ಟೇ ಬದಲಿಸಬಲ್ಲರು. ಅಂಟಿಸಿದ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಖರ್ಚು ಎಲ್ಲಿಗೋ ಹೋಗುತ್ತದೆ. ಹೊರಗಡೆ ಬಿಚ್ಚಿಸಿದರೆ ವಾರಂಟಿಗೆ ಧಕ್ಕೆಯಾಗಬಹುದು ಎನ್ನುವುದು ನೆನಪಿರಲಿ. ಚಿಕ್ಕ ಮಕ್ಕಳ ಕೈಗೆ ಕೊಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕನ್ನಡ ಬಂತು, ಅರ್ಧ ದಾರಿಯವರೆಗೆ

ಮಾರಾಟ ಶುರುವಾಗಿ 19 ದಿನಕ್ಕೆ, ಮಾರ್ಚ್ 31ರಂದು, ಈ ಸಾಧನವನ್ನು ನಡೆಸುವ ತಂತ್ರಾಂಶವಾದ ಐಪ್ಯಾಡ್ ಓಎಸ್‌ನ 18.4 ಆವೃತ್ತಿ ಬಿಡುಗಡೆಯಾಯಿತು. ಅದರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳು ಸಿಸ್ಟಂ ಭಾಷೆಗಳಾಗಿ ಬಂದವು. ಮೆನು, ಸೆಟ್ಟಿಂಗ್ಸ್, ಎಚ್ಚರಿಕೆಯ ಸಂದೇಶ, ಆಪಲ್‌ನದೇ ಆ್ಯಪ್‌ಗಳು ಈಗ ಕನ್ನಡದಲ್ಲಿ ಸಿಗುತ್ತವೆ. ಆಂಡ್ರಾಯ್ಡ್‌ನಲ್ಲಿ ಇದು 2014ರಿಂದಲೇ ಇತ್ತು. ತಡವಾದರೂ ಬಂದದ್ದು ಸಂತೋಷದ ಸಂಗತಿ. ಇಂಗ್ಲಿಷ್ ಮೆನು ನೋಡಿ ಹಿಂದೆ ಸರಿಯುತ್ತಿದ್ದ ಹಿರಿಯರಿಗೆ ಈಗ ಧೈರ್ಯವಾಗಿ ಕೊಡಬಹುದು. ಆದರೆ ಇದು ಎ16ರ ಸೊತ್ತಲ್ಲ. 2019ರ 7ನೇ ತಲೆಮಾರಿನ ಐಪ್ಯಾಡ್‌ಗೂ ಇದೇ ಓಎಸ್ ಸಿಗುತ್ತದೆ. ಮನೆಯಲ್ಲಿ ಹಳೆಯದು ಚೆನ್ನಾಗಿ ನಡೆಯುತ್ತಿದ್ದರೆ, ಕನ್ನಡ ಮೆನು ಬೇಕೆಂಬ ಒಂದೇ ಕಾರಣಕ್ಕೆ ಹೊಸದು ಕೊಳ್ಳಬೇಡಿ.

ಡಬ್ಬಿಯಲ್ಲಿ ಬರುವ ಸಾಧನದಲ್ಲಿ ಹಳೆಯ ಆವೃತ್ತಿ ಇರಬಹುದು. ಮೊದಲು ಚಾರ್ಜರ್ ಚುಚ್ಚಿ, ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಒತ್ತಿ 18.4 ಅಥವಾ ಅದಕ್ಕಿಂತ ಹೊಸ ಆವೃತ್ತಿಗೆ ಏರಿಸಿಕೊಳ್ಳಿ. ಆಮೇಲೆ ಜನರಲ್ ಒಳಗೇ ಲ್ಯಾಂಗ್ವೇಜ್ ಅಂಡ್ ರೀಜನ್, ಅಲ್ಲಿ ಆ್ಯಡ್ ಲ್ಯಾಂಗ್ವೇಜ್, ಕನ್ನಡ. ಸಾಧನ ಒಮ್ಮೆ ಪರದೆ ಆರಿಸಿ ಮತ್ತೆ ಬರುತ್ತದೆ. ಕನ್ನಡ ಮಾಡಿಕೊಂಡ ಮೇಲೆ ದಾರಿ ತಪ್ಪಿದರೆ ಗಾಬರಿ ಬೇಡ: ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಬೂದು ಬಣ್ಣದ ಹಲ್ಲುಚಕ್ರದ ಚಿತ್ರವಿರುವ ಸಾಲೇ ಜನರಲ್. ಹೊರಗಿನವರ ಆ್ಯಪ್‌ಗಳಲ್ಲಿ ಕನ್ನಡ ಇಲ್ಲದಿದ್ದರೆ ಅವು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ. ಯಾವುದಾದರೂ ಆ್ಯಪ್‌ನ ಅನುವಾದ ಅರ್ಥವಾಗದಂತಿದ್ದರೆ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ಆ್ಯಪ್ಸ್ ಪಟ್ಟಿಗೆ ಹೋಗಿ ಅದೊಂದರ ಭಾಷೆಯನ್ನು ಮಾತ್ರ ಇಂಗ್ಲಿಷ್‌ಗೆ ತಿರುಗಿಸಬಹುದು. ಅಂದಹಾಗೆ, ಲಾಕ್ ಪರದೆಯ ಗಡಿಯಾರಕ್ಕೆ ಕನ್ನಡ ಅಂಕಿಯನ್ನೂ ಹಾಕಿಕೊಳ್ಳಬಹುದು. ಲಾಕ್ ಪರದೆಯನ್ನು ಒತ್ತಿ ಹಿಡಿದು ಕಸ್ಟಮೈಸ್ ಆರಿಸಿ, ಗಡಿಯಾರವನ್ನು ಮುಟ್ಟಿ, ಮೂಲೆಯ ಗೋಲದ ಗುರುತು ಒತ್ತಿದರೆ ಅಂಕಿಗಳ ಲಿಪಿ ಸಿಗುತ್ತದೆ. ೧೦:೪೫ ಎಂದು ದಪ್ಪಕ್ಷರದಲ್ಲಿ ಕಾಣುವಾಗ ಮನಸ್ಸಿಗೆ ಹಿತವಾಗುತ್ತದೆ.

ಟೈಪಿಂಗ್ ವಿಷಯಕ್ಕೆ ಬಂದರೆ, ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಸೇರಿಸಿಕೊಂಡಾಗ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ ವಿನ್ಯಾಸವೂ ಸಿಗುತ್ತದೆ. ಟೈಪಿಂಗ್ ಕಲಿಯದವರಿಗೆ ಅದೇ ಸಲೀಸು, ಅ ಆ ಇ ಈ ಗೊತ್ತಿದ್ದರೆ ಸಾಕು. ತೊಂದರೆ ಆಗುವುದು ವರ್ಷಗಟ್ಟಲೆ ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳಿಗೆ ರೂಢಿಯಾದವರಿಗೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆ ಐಪ್ಯಾಡ್‌ನ ಒಳಗೇ ಬರುವುದಿಲ್ಲ. ಹೊರಗಿನ ಕೀಬೋರ್ಡ್ ಆ್ಯಪ್ ಹಾಕಿಕೊಂಡರೆ ಪರದೆಯ ಮೇಲೆ ಬೆರಳಾಡಿಸಿ ಟೈಪ್ ಮಾಡಬಹುದು, ಆದರೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದ ಕ್ಷಣ ಆ ಆ್ಯಪ್ ಕೈಬಿಡುತ್ತದೆ. ಹೊರಗಿನ ಆ್ಯಪ್‌ಗಳು ಭೌತಿಕ ಕೀಲಿಯ ಒತ್ತನ್ನು ಹಿಡಿಯಲು ಈ ಓಎಸ್ ಬಿಡುವುದಿಲ್ಲ, ಕಾರಣ ಅಷ್ಟೇ. ದಿನಕ್ಕೆ ಹತ್ತು ಪುಟ ಕನ್ನಡ ಟೈಪ್ ಮಾಡುವ ಡಿಟಿಪಿಯವರು, ವಕೀಲರ ಕಚೇರಿಯವರು ಕಂಪ್ಯೂಟರನ್ನೇ ನೆಚ್ಚಿಕೊಳ್ಳಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಮಾಡಿದ ಕಡತಗಳು ಇನ್ನೊಂದು ತಲೆನೋವು. ಯಾರೋ ಕಳಿಸಿದ ವರ್ಡ್ ಕಡತ ತೆರೆದರೆ ‘ಕನ್ನಡ’ ಎಂದು ಇರಬೇಕಾದ ಕಡೆ ಒಂದು ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ ಹೀಗೆ ಏಳು ಚಿತ್ರವಿಚಿತ್ರ ಅಕ್ಷರಗಳು ಸಾಲುಗಟ್ಟಿ ಕಾಣುತ್ತವೆ. ಕಡತ ಕೆಟ್ಟಿಲ್ಲ. ಆ ಫಾಂಟ್‌ಗಳು ಎಲ್ಲ ಸಾಧನಗಳೂ ಒಪ್ಪುವ ಅಕ್ಷರ ಸಂಕೇತವಾದ ಯುನಿಕೋಡ್ ಅನುಸರಿಸುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದ ಕಡೆ ಬಣ್ಣ ಕಳಚಿಕೊಳ್ಳುತ್ತವೆ. ಇದಕ್ಕೆ ಮೂರು ದಾರಿಗಳಿವೆ. ಸುಮ್ಮನೆ ಓದುವುದಷ್ಟೇ ಆದರೆ ಕಳಿಸಿದವರನ್ನೇ ಪಿಡಿಎಫ್ ಮಾಡಿಕೊಡಲು ಕೇಳಿ, ಫಾಂಟ್ ಒಳಗೇ ಅಡಕವಾಗಿ ಬರುತ್ತದೆ (ಆದರೆ ಅದರಲ್ಲಿ ಪದ ಹುಡುಕಲು ಆಗುವುದಿಲ್ಲ, ನಕಲು ಮಾಡಿದರೆ ಮತ್ತೆ ಅದೇ ಪಿ ಮತ್ತು ಪೌಂಡ್ ಬರುತ್ತದೆ). ತಿದ್ದಬೇಕಾದರೆ ಪಠ್ಯವನ್ನು ನಕಲು ಮಾಡಿ, ಸಫಾರಿ ಬ್ರೌಸರ್‌ನಲ್ಲಿ ಯಾವುದಾದರೂ ಆಸ್ಕಿಯಿಂದ (ಇಂಥ ಹಳೆಯ ಫಾಂಟ್‌ನಿಂದ) ಯುನಿಕೋಡ್‌ಗೆ ಬದಲಿಸುವ ಪುಟ ತೆರೆದು ಅಂಟಿಸಿ. ಬಂದದ್ದರಲ್ಲಿ ಅರ್ಕಾವತ್ತು ಮತ್ತು ದೀರ್ಘಗಳನ್ನು ಮಾತ್ರ ಕಣ್ಣಿಟ್ಟು ನೋಡಿ, ತಪ್ಪು ಉಳಿಯುವುದು ಅಲ್ಲೇ ಹೆಚ್ಚು. ಇಂಥ ಕಡತ ದಿನವೂ ಬರುತ್ತಿದ್ದರೆ ಫಾಂಟ್ ಅಳವಡಿಸುವ ಆ್ಯಪ್ ಹಾಕಿ ಅದರ ಮೂಲಕ ನುಡಿ ಫಾಂಟ್ ಕಡತ ತೆರೆಯಿರಿ. ಅದು ಒಂದು ಪ್ರೊಫೈಲ್ ಇಳಿಸುತ್ತದೆ, ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಒಪ್ಪಿಕೊಂಡು ಅಳವಡಿಸಬೇಕು. ಬಹಳ ಜನ ಈ ಕೊನೆಯ ಹೆಜ್ಜೆ ಮರೆತು ‘ಫಾಂಟ್ ಬರಲಿಲ್ಲ’ ಎನ್ನುತ್ತಾರೆ.

ಓದಿ ಹೇಳುವ ಸೌಲಭ್ಯ ನಿಜಕ್ಕೂ ಉಪಯುಕ್ತ. ಆಕ್ಸೆಸಿಬಿಲಿಟಿಯಲ್ಲಿ ಸ್ಪೋಕನ್ ಕಂಟೆಂಟ್ (ಹೊಸ ಆವೃತ್ತಿಯಲ್ಲಿ ರೀಡ್ ಅಂಡ್ ಸ್ಪೀಕ್) ತೆರೆದು ಸ್ಪೀಕ್ ಸ್ಕ್ರೀನ್ ಚಾಲೂ ಮಾಡಿ, ವಾಯ್ಸಸ್ ಪಟ್ಟಿಯಿಂದ ಕನ್ನಡದ ಧ್ವನಿ ಇಳಿಸಿಕೊಳ್ಳಿ. ಆಮೇಲೆ ಎರಡು ಬೆರಳಿನಿಂದ ಪರದೆಯ ಮೇಲಂಚಿನಿಂದ ಕೆಳಕ್ಕೆ ಎಳೆದರೆ ಎದುರಿಗಿರುವ ಕನ್ನಡ ಲೇಖನವನ್ನು ಓದುತ್ತದೆ. ದನಿ ಯಂತ್ರದ್ದೇ, ಆದರೆ ಮಹಾಪ್ರಾಣ ನುಂಗುವುದಿಲ್ಲ. ಸ್ಕ್ಯಾನ್ ಪುಸ್ತಕವನ್ನು ಮಾತ್ರ ಓದಲಾರದು. ಅಲ್ಲಿರುವುದು ಪುಟದ ಚಿತ್ರವೇ ಹೊರತು ಪಠ್ಯವಲ್ಲ, ಮತ್ತು ಚಿತ್ರದಿಂದ ಅಕ್ಷರ ಹೆಕ್ಕುವ ಆಪಲ್‌ನ ಲೈವ್ ಟೆಕ್ಸ್ಟ್‌ಗೆ ಇನ್ನೂ ಕನ್ನಡ ಬರುವುದಿಲ್ಲ. ಪುಟದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಕನ್ನಡ ಅಕ್ಷರಗಳನ್ನು ಹೆಕ್ಕಿಕೊಡುತ್ತದೆ.

ಪೆನ್ನಿನ ಲೆಕ್ಕಾಚಾರ

ದುಡ್ಡು ಉಳಿಸಲು ಹೋಗಿ ಆಪಲ್ ಕೈಬಿಟ್ಟದ್ದು ಎದ್ದು ಕಾಣುವುದು ಇಲ್ಲಿಯೇ. ಪೆನ್ಸಿಲ್ ಪ್ರೊ ಮತ್ತು ಎರಡನೇ ತಲೆಮಾರಿನ ಪೆನ್ಸಿಲ್ ಈ ಐಪ್ಯಾಡ್‌ಗೆ ಆಗುವುದಿಲ್ಲ. ಆಗುವುದು ಎರಡೇ. ₹7,900ರ ಯುಎಸ್‌ಬಿ-ಸಿ ಪೆನ್ಸಿಲ್ ಒಂದು. ಅದರ ಹಿಂತುದಿ ಎಳೆದರೆ ಕಿಂಡಿ ತೆರೆಯುತ್ತದೆ, ಟ್ಯಾಬ್‌ನ ಕೇಬಲ್‌ನಿಂದಲೇ ಚಾರ್ಜ್ ಆಗುತ್ತದೆ, ಪಕ್ಕಕ್ಕೆ ಆಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಅಂಟಿಕೊಂಡಿದೆ ಎಂದ ಮಾತ್ರಕ್ಕೆ ಚಾರ್ಜ್ ಆಗುತ್ತಿದೆ ಎಂದುಕೊಳ್ಳಬೇಡಿ, ಅದು ಇಟ್ಟುಕೊಳ್ಳಲು ಮಾತ್ರ. ಇದರಲ್ಲಿ ಒತ್ತಡದ ಅರಿವಿಲ್ಲ: ಎಷ್ಟೇ ಅದುಮಿದರೂ ಗೆರೆಯ ದಪ್ಪ ಅಷ್ಟೇ. ಇನ್ನೊಂದು ಮೊದಲ ತಲೆಮಾರಿನ ಪೆನ್ಸಿಲ್. ಅದಕ್ಕೆ ಒತ್ತಡದ ಅರಿವಿದೆ, ಆದರೆ ಅದರ ತುದಿಯಲ್ಲಿರುವುದು ಆಪಲ್‌ನ ಹಳೆಯ ಲೈಟ್ನಿಂಗ್ ಪ್ಲಗ್. ಜೋಡಿಸಲು ಚಾರ್ಜ್ ಮಾಡಲು ಎರಡಕ್ಕೂ ನಡುವೆ ಒಂದು ಪುಟ್ಟ ಅಡಾಪ್ಟರ್ ಬೇಕು. ಹೊಸ ಪೆನ್ಸಿಲ್ ಡಬ್ಬಿಯಲ್ಲಿ ಅದು ಬರುತ್ತದೆ, ಹಳೆಯ ಪೆನ್ಸಿಲ್ ಇದ್ದವರು ಪ್ರತ್ಯೇಕ ಕೊಳ್ಳಬೇಕು. ಕಳೆದುಹೋದರೆ ಪೆನ್ಸಿಲ್ ನಿರುಪಯೋಗಿ.

ಗಣಿತದ ಲೆಕ್ಕ ಬಿಡಿಸಲು, ಪಿಡಿಎಫ್ ಮೇಲೆ ಗೆರೆ ಎಳೆಯಲು, ತರಗತಿಯಲ್ಲಿ ಟಿಪ್ಪಣಿ ಬರೆಯಲು ಯುಎಸ್‌ಬಿ-ಸಿ ಪೆನ್ಸಿಲ್ ಸಾಕು. ಚಿತ್ರ ಬರೆಯುವವರಿಗೆ, ಕನ್ನಡ ಅಕ್ಷರಕಲೆ ಮಾಡುವವರಿಗೆ ಸಾಲದು. ‘ಅ’ ಬರೆಯುವಾಗ ಸುರುಳಿಯಲ್ಲಿ ದಪ್ಪಗಾಗಿ, ತಿರುವಿನಲ್ಲಿ ತೆಳ್ಳಗಾಗಿ, ಕೊನೆಯ ತುದಿಯಲ್ಲಿ ಮೊನಚಾಗುವ ಗೆರೆಗೆ ಒತ್ತಡವೇ ಜೀವ. ಒತ್ತಡ ತಿಳಿಯದ ಪೆನ್ನಿನಲ್ಲಿ ಅದು ತಂತಿ ಬಗ್ಗಿಸಿ ಮಾಡಿದ ಅಕ್ಷರದಂತೆ ಬರುತ್ತದೆ. ಅಂಥವರು ಅಡಾಪ್ಟರ್‌ನ ಕಿರಿಕಿರಿ ಸಹಿಸಿ ಮೊದಲ ತಲೆಮಾರಿನದನ್ನೇ ಕೊಳ್ಳಬೇಕು, ಇಲ್ಲವೇ ಐಪ್ಯಾಡ್ ಏರ್‌ಗೆ ದುಡ್ಡು ಕೂಡಿಸಬೇಕು.

ಯಾವ ಪೆನ್ಸಿಲ್ ಹಿಡಿದರೂ ಗಾಳಿಯ ಪದರ ಕಾಡುತ್ತದೆ. ಮೊನೆ ಗಾಜಿಗೆ ತಾಗಿದ ಜಾಗಕ್ಕೂ ಶಾಯಿ ಕಾಣುವ ಜಾಗಕ್ಕೂ ನಡುವೆ ಒಂದು ಸಣ್ಣ ಅಂತರ ಕಾಣುತ್ತದೆ, ಓರೆಯಾಗಿ ನೋಡಿದಷ್ಟೂ ಹೆಚ್ಚು. ತಾಗಿದಾಗ ಟಕ್ ಟಕ್ ಎಂಬ ಪೊಳ್ಳು ಸದ್ದು. ದೊಡ್ಡಕ್ಷರದಲ್ಲಿ ಬರೆಯುವವರು ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತಾರೆ. ಸಣ್ಣಕ್ಷರದಲ್ಲಿ ಒತ್ತು ಬರೆಯುವಾಗ, ಮೂಲಾಕ್ಷರದ ಕೆಳಗೆ ಸರಿಯಾದ ಜಾಗಕ್ಕೆ ಮೊನೆ ಇಡಲು ಹೋಗಿ ತಪ್ಪುವುದು ಉಂಟು. ಬರೆಯುವಾಗ ಒಂದೂವರೆ ಪಟ್ಟು ಹಿಗ್ಗಿಸಿಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಕೈಬರಹವನ್ನು ಟೈಪ್ ಅಕ್ಷರವಾಗಿ ಬದಲಿಸುವ ಸ್ಕ್ರಿಬಲ್‌ಗೂ ಕನ್ನಡ ಗೊತ್ತಿಲ್ಲ. ಕನ್ನಡದಲ್ಲಿ ಬರೆದದ್ದು ಚಿತ್ರವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಟಿಪ್ಪಣಿ ಪುಸ್ತಕಕ್ಕೆ ಹೆಸರನ್ನಾದರೂ ಟೈಪ್ ಮಾಡಿ ಇಡಿ.

ಉಳಿದದ್ದು

ಎ16 ಚಿಪ್ 2022ರ ಐಫೋನ್ 14 ಪ್ರೊದಲ್ಲಿ ಬಂದದ್ದು, ಇಲ್ಲಿ ಸಿಪಿಯು ಮತ್ತು ಜಿಪಿಯುಗಳಲ್ಲಿ ಒಂದೊಂದು ಕೋರ್ ಕಡಿಮೆ. ಓದು, ವಿಡಿಯೊ, ಆನ್‌ಲೈನ್ ಪಾಠ, ಸಾಮಾನ್ಯ ಆಟ ಯಾವುದಕ್ಕೂ ತಡವರಿಸುವುದಿಲ್ಲ. ಆಪಲ್‌ನ ಕೃತಕ ಬುದ್ಧಿಮತ್ತೆಯ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್ ಇದರಲ್ಲಿ ಓಡುವುದಿಲ್ಲ ಎಂಬುದು ಎಲ್ಲರೂ ಎತ್ತಿದ ಆಕ್ಷೇಪ. ಅದಕ್ಕೆ ಕನ್ನಡವೇ ಬಾರದಿರುವಾಗ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಸದ್ಯಕ್ಕೆ ನಷ್ಟವಿಲ್ಲ. ಐದು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಕೊಳ್ಳುವವರು ಮಾತ್ರ ಇದು ಮುಂದೆ ಕೊರತೆಯಾಗಬಹುದು ಎಂದು ತಿಳಿದಿರಬೇಕು.

ಕುಟುಂಬಕ್ಕೆಲ್ಲ ಒಂದೇ ಟ್ಯಾಬ್ ಎಂದುಕೊಂಡು ಕೊಳ್ಳುವವರಿಗೆ ಒಂದು ಅಡ್ಡಿಯಿದೆ. ಐಪ್ಯಾಡ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಲು ಬರುವುದಿಲ್ಲ. ಅಪ್ಪನ ಇಮೇಲ್, ಮಗಳ ಪಾಠ, ಅಜ್ಜಿಯ ಭಜನೆ ಎಲ್ಲ ಒಂದೇ ಪರದೆಯ ಮೇಲೆ. ಮಗುವಿಗೆ ಕೊಡುವಾಗ ಗೈಡೆಡ್ ಆಕ್ಸೆಸ್ ಚಾಲೂ ಮಾಡಿ ಮೇಲಿನ ಗುಂಡಿಯನ್ನು ಮೂರು ಸಲ ಒತ್ತಿದರೆ, ಪಾಸ್‌ಕೋಡ್ ಕೊಡುವ ತನಕ ಆ ಒಂದು ಆ್ಯಪ್ ಬಿಟ್ಟು ಹೊರಗೆ ಹೋಗಲಾಗದು. ವಾಟ್ಸ್ಆ್ಯಪ್‌ಗೆ ಐಪ್ಯಾಡ್ ಆವೃತ್ತಿ ಮೊದಲು ಇರಲಿಲ್ಲ, 2025ರ ಮೇ ತಿಂಗಳಲ್ಲಿ ಬಂತು.  ಆ್ಯಪ್ ಸ್ಟೋರ್‌ನಲ್ಲಿ ವಾಟ್ಸ್ಆ್ಯಪ್ ಹೆಸರು ಹೊತ್ತು ಬರುವ ಅಪರಿಚಿತ ಆ್ಯಪ್‌ಗಳ ತಂಟೆಗೆ ಹೋಗಬೇಡಿ.

ಹೆಡ್‌ಫೋನ್ ಕಿಂಡಿ ಇಲ್ಲ. ನೂರು ರೂಪಾಯಿಯ ಪರಿವರ್ತಕ ತಂದು ಚುಚ್ಚಿದರೆ ಸದ್ದೇ ಬರುವುದಿಲ್ಲ, ಅಂಗಡಿಗೆ ವಾಪಸ್ ಓಡುವವರು ಬಹಳ. ಐಪ್ಯಾಡ್ ತನ್ನ ಕಿಂಡಿಯಿಂದ ಕಳಿಸುವುದು ಡಿಜಿಟಲ್ ಸಂಕೇತ. ಅದನ್ನು ಧ್ವನಿಯಾಗಿ ಬದಲಿಸುವ ಡ್ಯಾಕ್ ಚಿಪ್ ಪರಿವರ್ತಕದ ಒಳಗೇ ಇರಬೇಕು. ಕೊಳ್ಳುವಾಗ ಡಬ್ಬಿಯ ಮೇಲೆ ಡ್ಯಾಕ್ ಎಂದು ಬರೆದಿದೆಯೇ ನೋಡಿ. ಕಡತ ವರ್ಗಾವಣೆ ಯುಎಸ್‌ಬಿ 2 ವೇಗದಲ್ಲೇ ನಡೆಯುತ್ತದೆ, 10 ಜಿಬಿ ಹಾಕಲು ನಾಲ್ಕೈದು ನಿಮಿಷ ಹಿಡಿದೀತು. ಪೆನ್‌ಡ್ರೈವ್ ಸಲೀಸಾಗಿ ತೆರೆಯುತ್ತದೆ, ತಿರುಗುವ ಹಾರ್ಡ್‌ಡಿಸ್ಕ್‌ಗೆ ಕರೆಂಟ್ ಸಾಲದೆ ಕಟಕಟ ಎನ್ನುತ್ತದೆ. ಅದಕ್ಕೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಬೇಕು. ಡಬ್ಬಿಯಲ್ಲಿ 20 ವ್ಯಾಟ್ ಚಾರ್ಜರ್ ಕೊಡುತ್ತಾರೆ. ಪೂರ್ತಿ ತುಂಬಲು ಎರಡೂವರೆ ಮೂರು ಗಂಟೆ ಹಿಡಿಯುತ್ತದೆ, ವೈಫೈನಲ್ಲಿ ಹತ್ತು ಗಂಟೆ ಬರುತ್ತದೆ ಎನ್ನುವುದು ಆಪಲ್ ಲೆಕ್ಕ. ಮುಂದಿನ ಕ್ಯಾಮೆರಾ ಉದ್ದನೆಯ ಅಂಚಿನ ನಡುವೆ ಇರುವುದರಿಂದ ಆನ್‌ಲೈನ್ ತರಗತಿಯಲ್ಲಿ ಮುಖ ನೇರವಾಗಿ ಕಾಣುತ್ತದೆ.

ಮೊಬೈಲ್ ಡೇಟಾ ಇರುವ ಮಾದರಿಗೆ ಪ್ಲಾಸ್ಟಿಕ್ ಸಿಮ್ ಹಾಕಲು ಜಾಗವೇ ಇಲ್ಲ, ಸಾಧನದೊಳಗೇ ಅಡಕವಾಗಿರುವ ಇ-ಸಿಮ್ ಒಂದೇ. ಇಲ್ಲಿ ಒಂದು ಎಚ್ಚರ: ನಿಮ್ಮ ಮುಖ್ಯ ನಂಬರನ್ನು ಇ-ಸಿಮ್ ಮಾಡಿ ಟ್ಯಾಬ್‌ಗೆ ಹಾಕಿದರೆ ಫೋನಿನಲ್ಲಿದ್ದ ಸಿಮ್ ಸತ್ತುಹೋಗುತ್ತದೆ. ಐಪ್ಯಾಡ್ ಸಾಮಾನ್ಯ ಕರೆ ಮಾಡುವುದಿಲ್ಲ, ಬ್ಯಾಂಕಿನ ಒಟಿಪಿಯೂ ಅದರಲ್ಲಿ ಕಾಣುವುದಿಲ್ಲ. ಡೇಟಾಕ್ಕೆಂದೇ ಬೇರೆ ನಂಬರ್ ತೆಗೆದುಕೊಳ್ಳಿ. ಜಿಪಿಎಸ್ ಇರುವುದೂ ಈ ಮಾದರಿಯಲ್ಲಿ ಮಾತ್ರ. ಮನೆಯಲ್ಲಿ ವೈಫೈ, ಹೊರಗೆ ಫೋನಿನ ಹಾಟ್‌ಸ್ಪಾಟ್ ಇರುವವರು ₹15,000 ಉಳಿಸಬಹುದು.

ಇದೇ ಸಾಲಿನಲ್ಲಿ ಬೇರೇನಿದೆ ಎಂದರೆ, 2025ರ ಜನವರಿಯಲ್ಲಿ ₹27,999ಕ್ಕೆ ಬಂದ ಶಿಯೋಮಿ ಪ್ಯಾಡ್ 7 ಇದಕ್ಕಿಂತ ನವಿರಾದ, 144 ಹರ್ಟ್ಸ್‌ನ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಪರದೆ ಕೊಡುತ್ತದೆ. ಸಿನಿಮಾ, ಆಟ ಮುಖ್ಯವಾದವರಿಗೆ ಅದೇ ಲೇಸು. ಸ್ಯಾಮ್‌ಸಂಗ್ ಟ್ಯಾಬ್ ಎಸ್9 ಎಫ್ಇ ಜೊತೆ ಒತ್ತಡ ತಿಳಿಯುವ ಎಸ್ ಪೆನ್ ಡಬ್ಬಿಯಲ್ಲೇ ಬರುತ್ತದೆ, ನೀರಿಗೂ ಹೆದರುವುದಿಲ್ಲ. ಬರೆಯಲೆಂದೇ ಟ್ಯಾಬ್ ಹುಡುಕುವ ವಿದ್ಯಾರ್ಥಿ ಮೊದಲು ಅದನ್ನು ಕೈಯಲ್ಲಿ ಹಿಡಿದು ನೋಡಲಿ. ಐಪ್ಯಾಡ್‌ನ ಬಲ ಬಾಳಿಕೆಯಲ್ಲಿದೆ. 2019ರ ಮಾದರಿಗೆ 2025ರಲ್ಲೂ ಹೊಸ ಓಎಸ್ ಬರುತ್ತಿದ್ದದ್ದೇ ಅದಕ್ಕೆ ಸಾಕ್ಷಿ.

ಕೊಳ್ಳುವುದಾದರೆ 128 ಜಿಬಿ ವೈಫೈ ಮಾದರಿ ಸಾಕು. ₹24,900ರ ಮ್ಯಾಜಿಕ್ ಕೀಬೋರ್ಡ್ ಫೋಲಿಯೊ ಈ ಬೆಲೆಯ ಟ್ಯಾಬ್‌ಗೆ ಖಂಡಿತ ಬೇಡ, ಸಾಧಾರಣ ಬ್ಲೂಟೂತ್ ಕೀಬೋರ್ಡ್ ಅದೇ ಕೆಲಸ ಮಾಡುತ್ತದೆ. 10ನೇ ತಲೆಮಾರಿನ ಕವರ್‌ಗಳು ಇದಕ್ಕೂ ಸರಿಯಾಗಿ ಕೂರುತ್ತವೆ, ಮಾರುಕಟ್ಟೆಯಲ್ಲಿ ಅವು ಕಡಿಮೆ ಬೆಲೆಗೆ ಬೇಕಾದಷ್ಟಿವೆ. ಇದೇ ಹೋಲಿಕೆಯಿಂದ ಅಪಾಯವೂ ಇದೆ. ಅಂಗಡಿಗಳಲ್ಲಿ ಹಳೆಯ ದಾಸ್ತಾನು ಇನ್ನೂ ಇರಬಹುದು, ಎರಡನ್ನೂ ಪಕ್ಕಪಕ್ಕ ಇಟ್ಟರೂ ಗುರುತು ಹತ್ತುವುದಿಲ್ಲ. 64 ಜಿಬಿ ಎಂದಿದ್ದರೆ ಅದು ಹಳೆಯದು, 128 ಅಥವಾ 512 ಎಂದಿದ್ದರೆ ಹೊಸದು. 256 ಜಿಬಿ ಎರಡರಲ್ಲೂ ಇರುವುದರಿಂದ ಮೋಸ ಹೋಗುವ ಸಾಧ್ಯತೆ ಅಲ್ಲೇ ಹೆಚ್ಚು. ಬಿಲ್ ಹಾಕಿಸುವ ಮೊದಲು ಡಬ್ಬಿಯ ಮೇಲೆ ಎ16 ಎಂದು ಇದೆಯೇ ನೋಡಿ. ಅಂಗಡಿಯಲ್ಲೇ ತೆರೆದು ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಮಾದರಿಯ ಹೆಸರನ್ನೂ ಒಮ್ಮೆ ಓದಿಕೊಳ್ಳಿ.